ಕಾಫಿ ಕಾಸು ಯಾರ ಪಾಲು?

ಮಧುಗಿರಿ, ಶಿರಾ, ಕೊರಟಗೆರೆ, ಪಾವಗಡ ತಾಲ್ಲೂಕುಗಳನ್ನು ಒಟ್ಟು ಹಾಕಿ ಶಿಕ್ಷಣ ಇಲಾಖೆ ಮಧುಗಿರಿ ಶೈಕ್ಷಣಿಕ ಜಿಲ್ಲೆ ಎನ್ನುತ್ತದೆ. ರಾಗಿ, ಕಡಲೆಕಾಯಿ, ಬತ್ತಿದ ಕೆರೆ, ಪಾತಾಳಕ್ಕಿಳಿದ ಬೋರು, ಇಷ್ಟರಲ್ಲಿ ನಾಲ್ಕೂ ಒಂದೇ. ಕೆಲಸ ಮಾಡಿಕೊಟ್ಟವರ ಕೈಗೆ ಕೂಲಿಯ ಮೇಲೆ ಇನ್ನೊಂದಿಷ್ಟು ಇಡುವ ವಿಚಾರಕ್ಕೆ ಬಂದರೆ ಮಾತ್ರ ಇದೇ ರೂಢಿ ಅಂತ ಬೆರಳಿಟ್ಟು ತೋರಿಸುವುದು ಕಷ್ಟ. ಟೀ ಕಾಸು, ಕಾಫಿ ಕಾಸು, ಖುಷಿ, ಇನಾಮು, ಬ್ಯಾಟಾ, ಹಬ್ಬದ ಕಾಸು, ಮಾಮೂಲು, ಟಿಪ್ಸು ಎಂದು ಎಷ್ಟು ಸಂದರ್ಭವೋ ಅಷ್ಟು ಹೆಸರು. ಬಿಲ್ಲಿನ ಮೇಲೆ ಶೇಕಡಾ ಹತ್ತು ಕೊಡಿ ಎಂಬ ಪಟ್ಟಣದ ಬುದ್ಧಿವಾದ ಇಲ್ಲಿ ನಡೆಯುವುದಿಲ್ಲ. ಬಿಲ್ಲನ್ನೇ ಕೊಡದ ಹೋಟೆಲಿನಲ್ಲಿ ಯಾವುದರ ಮೇಲೆ ಹತ್ತು?

ಆದರೂ ಈ ನಾಲ್ಕು ತಾಲ್ಲೂಕುಗಳಲ್ಲಿ ಕೈಯಿಂದ ಕೈಗೆ ಹೋಗುವ ಇಂಥ ದುಡ್ಡನ್ನು ಸ್ವಲ್ಪ ಗಮನವಿಟ್ಟು ನೋಡಿದರೆ ಒಂದು ಸಂಗತಿ ಎದ್ದು ಕಾಣುತ್ತದೆ. ನಾವು ಕೊಡುವುದು ಸೇವೆ ಮೆಚ್ಚಿ ಅಲ್ಲ. ಯಾರು ಕೆಲಸವನ್ನು ತಡೆದು ನಿಲ್ಲಿಸಬಲ್ಲರೋ ಅವರಿಗೆ ಹೆಚ್ಚು ಕೊಡುತ್ತೇವೆ, ಯಾರು ಬಾಯಿಬಿಟ್ಟು ಕೇಳಬಲ್ಲರೋ ಅವರಿಗೆ ಅಷ್ಟಿಷ್ಟು ಕೊಡುತ್ತೇವೆ. ತಡೆಯಲಾರದ, ಕೇಳಲಾರದ ಜನಕ್ಕೆ ಸಾಮಾನ್ಯವಾಗಿ ಏನೂ ಇಲ್ಲ. ಜುಗ್ಗತನ ಇದಕ್ಕೆ ಕಾರಣ ಅಂತ ನನಗನ್ನಿಸುವುದಿಲ್ಲ. ಇದೇ ಜನ ಮದುವೆ ಮನೆಯಲ್ಲಿ ವಾಲಗದವರ ಮುಂದೆ ನೋಟು ಸುರಿಯುತ್ತಾರೆ, ಜಾತ್ರೆಯಲ್ಲಿ ತಮಟೆಯವನ ಅಂಗಿಗೆ ನೂರರ ನೋಟು ಸಿಕ್ಕಿಸಿ ಕುಣಿಯುತ್ತಾರೆ.

ಮೊದಲು ಹೋಟೆಲನ್ನೇ ನೋಡೋಣ. ಮಧುಗಿರಿ ಅಥವಾ ಕೊರಟಗೆರೆಯಂಥ ಊರಲ್ಲಿ ಸಪ್ಲೈಯರ್ ಅಪರಿಚಿತನಲ್ಲ. ಪಕ್ಕದ ಹಳ್ಳಿಯವನು, ಯಾರದೋ ಬಾವಮೈದ, ಇಲ್ಲವೇ ನಿಮ್ಮ ಮಗನ ಜೊತೆ ಹೈಸ್ಕೂಲಲ್ಲಿ ಓದಿದವನು. ಅವನ ಕೈಗೆ ಹತ್ತು ರೂಪಾಯಿ ಇಟ್ಟರೆ "ಏನಣ್ಣ, ನಂಗೂ ಕೊಡೋಕ್ ಬಂದ್ರಾ" ಅಂತ ಹಿಂದಕ್ಕೆ ಸರಿಯುತ್ತಾನೆ. ಪರಿಚಯ ಇರುವ ಕಡೆ ದುಡ್ಡು ಕೊಡುವುದೆಂದರೆ ಪರಿಚಯವನ್ನು ಕಳೆದು ಹಾಕಿದ ಹಾಗೆ. ಅದರ ಬದಲು ಅವನು ಇನ್ನೊಂದು ಸೌಟು ಸಾಂಬಾರು ಹೆಚ್ಚು ಬಡಿಸುತ್ತಾನೆ, ನೀವು ಅವನ ತಂಗಿ ಮದುವೆಗೆ ಹೋಗಿ ಮುಯ್ಯಿ ಮಾಡಿ ಬರುತ್ತೀರಿ. ಲೆಕ್ಕ ಹೇಗೋ ಸರಿಹೋಗುತ್ತದೆ. ಕಟಿಂಗ್ ಶಾಪಿನಲ್ಲೂ ಹೀಗೇ. ತಿಂಗಳು ತಿಂಗಳು ಕೊಡುವುದಿಲ್ಲ. ಮನೆಯಲ್ಲಿ ಶುಭಕಾರ್ಯವಿದ್ದಾಗ ಎಲೆ ಅಡಿಕೆಯ ಮೇಲೆ ದುಡ್ಡಿಟ್ಟು ಎರಡೂ ಕೈಯಲ್ಲಿ ಕೊಡುತ್ತಾರೆ. ಎಲೆ ಅಡಿಕೆಯ ಮೇಲೆ ಕೂತ ನೂರು ರೂಪಾಯಿ ಮರ್ಯಾದೆ. ಅದೇ ನೂರನ್ನು ಮಡಿಸಿ ಜೇಬಿಗೆ ತುರುಕಿದರೆ ಮುಖ ಗಂಟಿಕ್ಕಿಕೊಳ್ಳುವ ಹಿರಿಯರು ಈಗಲೂ ಇದ್ದಾರೆ.

ಈ ನಂಟೆಲ್ಲ ಅಪರಿಚಿತರು ಬಂದು ಹೋಗುವ ಜಾಗದಲ್ಲಿ ಕೆಲಸಕ್ಕೆ ಬರುವುದಿಲ್ಲ. ನಾಲ್ಕೂ ಊರುಗಳಲ್ಲಿ ಟಿಪ್ಸು ಅಂತ ನಿಜವಾಗಿ ಹೇಳಬಹುದಾದದ್ದು ಇರುವುದು ಶಿರಾದಲ್ಲಿ, ಅದೂ ರಾಷ್ಟ್ರೀಯ ಹೆದ್ದಾರಿ 48ರ ಮಗ್ಗುಲಲ್ಲಿ. ಬೆಂಗಳೂರಿಂದ ಹುಬ್ಬಳ್ಳಿ, ದಾವಣಗೆರೆ ಕಡೆಗೆ ಹೋಗುವ ಕಾರುಗಳು ನಿಲ್ಲುವ ಹೋಟೆಲುಗಳಲ್ಲಿ ಸೋಂಪಿನ ತಟ್ಟೆಯಲ್ಲಿ ಬಿಲ್ಲು ಬರುತ್ತದೆ, ಚಿಲ್ಲರೆ ಅದರಲ್ಲೇ ಉಳಿಯುತ್ತದೆ. ಇನ್ನು ಮುಂದೆ ಮುಖ ನೋಡದ ಸಪ್ಲೈಯರಿಗೆ ಇಪ್ಪತ್ತು ಬಿಟ್ಟು ಬರುವವನೇ ವಾರಕ್ಕೊಮ್ಮೆ ಊಟ ಬಡಿಸುವ ಊರಿನ ಹುಡುಗನಿಗೆ ಏನೂ ಬಿಡುವುದಿಲ್ಲ. ಹೆದ್ದಾರಿ ಹೋಟೆಲಿನಲ್ಲಿ ಇನ್ನೊಂದು ಬಗೆಯ ಕೊಡುಗೆಯೂ ಉಂಟು: ಬಸ್ಸನ್ನು ತಂದು ನಿಲ್ಲಿಸಿದ ಡ್ರೈವರು, ಕಂಡಕ್ಟರುಗಳಿಗೆ ಒಳಗೆ ಬೇರೆ ಮೇಜಿನಲ್ಲಿ ಪುಕ್ಕಟೆ ಊಟ. ಆ ಊಟದ ಖರ್ಚು ಹೊರಗೆ ಕೂತ ಪ್ರಯಾಣಿಕರ ಇಡ್ಲಿಯ ಬೆಲೆಯಲ್ಲಿ ಸೇರಿಕೊಂಡಿರುತ್ತದೆ ಎಂಬುದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಹೋಟೆಲಿನಲ್ಲಿ ಮೇಜು ಒರೆಸುವ ಹುಡುಗರಿಗೆ ಕೊಡುತ್ತಿದ್ದ ಐದು, ಹತ್ತು ರೂಪಾಯಿಯ ಕಥೆ ಬೇರೆ. ಹೋಟೆಲು, ಢಾಬಾಗಳಲ್ಲಿ 14 ವರ್ಷದೊಳಗಿನ ಮಕ್ಕಳನ್ನು ದುಡಿಸುವುದಕ್ಕೆ 2006ರ ಅಕ್ಟೋಬರ್ 10ರಿಂದ ನಿಷೇಧವಿದೆ. ಅದಕ್ಕೆ ಮುಂಚೆ ನಮ್ಮ ಕನಿಕರವೆಲ್ಲ ಆ ಹುಡುಗರ ಅಂಗೈಗೆ ಬೀಳುವ ನಾಣ್ಯದಲ್ಲಿ ಮುಗಿದು ಹೋಗುತ್ತಿತ್ತು. ಮಗು ಶಾಲೆಗೆ ಯಾಕೆ ಹೋಗಿಲ್ಲ ಅಂತ ಗಲ್ಲಾದ ಮೇಲೆ ಕೂತವರನ್ನು ಕೇಳುವುದಕ್ಕಿಂತ ನಾಣ್ಯ ಕೊಡುವುದು ಸುಲಭವಾಗಿತ್ತು.

ಹಿಂದಿನವರಿಗೆ ಟಿಪ್ಸು ಗೊತ್ತಿರಲಿಲ್ಲ, ಆಯ ಗೊತ್ತಿತ್ತು. ಗೌಡ, ಶಾನುಭೋಗ, ತಳವಾರ, ತೋಟಿ, ನೀರುಗಂಟಿ, ಬಡಗಿ, ಕಮ್ಮಾರ, ಕುಂಬಾರ, ಅಗಸ, ಹಜಾಮ, ಅಕ್ಕಸಾಲಿ, ಪಂಚಾಂಗದವನು, ಹೀಗೆ ಹನ್ನೆರಡು ಆಯಗಾರರು. ವರ್ಷವಿಡೀ ಊರ ಕೆಲಸ ಮಾಡಿ ಸುಗ್ಗಿಯಲ್ಲಿ ಕಣಕ್ಕೆ ಬಂದು ತಮ್ಮ ಪಾಲಿನ ರಾಗಿ ತೆಗೆದುಕೊಂಡು ಹೋಗುತ್ತಿದ್ದರು. ಇದನ್ನು ಈಗ ಕೆಲವರು ತುಂಬ ಸಿಹಿಯಾಗಿ ನೆನೆಯುತ್ತಾರೆ. ನನಗೆ ಅಷ್ಟು ಸಿಹಿ ಅನ್ನಿಸುವುದಿಲ್ಲ. ಪಾಲು ಹಕ್ಕಿನದೇ ಆದರೂ ಕಣದ ಅಂಚಿನಲ್ಲಿ ಕಾದು ನಿಂತು ಕೇಳಿ ಪಡೆಯಬೇಕಾಗಿತ್ತು, ಯಾರು ಎಷ್ಟು ದೂರದಲ್ಲಿ ನಿಲ್ಲಬೇಕೆಂಬುದನ್ನು ಜಾತಿ ನಿರ್ಧರಿಸುತ್ತಿತ್ತು. ಮಳೆ ಕೈಕೊಟ್ಟ ವರ್ಷ ಮೊದಲು ಕಡಿಮೆಯಾಗುತ್ತಿದ್ದದ್ದೂ ಆ ಪಾಲೇ. 1961ರ ಗ್ರಾಮ ಹುದ್ದೆಗಳ ರದ್ದಿಯಾತಿ ಕಾಯ್ದೆ ವಂಶಪಾರಂಪರ್ಯದ ಊರ ಹುದ್ದೆಗಳನ್ನು ತೆಗೆದು ಹಾಕಿತು. ಆಯದ ಮನಸ್ಸು ಮಾತ್ರ ಉಳಿದುಕೊಂಡಿತು: ಕೊಡುವವನು ಮೇಲೆ, ಪಡೆಯುವವನು ಕೆಳಗೆ, ಅಳತೆ ಕೊಡುವವನ ಇಷ್ಟ. ಪಾವಗಡದ ತಿರುಮಣಿ ಸುತ್ತಮುತ್ತ ಈಗ ಕಣವೂ ಇಲ್ಲ. ಸುಮಾರು 13,000 ಎಕರೆ ಸೋಲಾರ್ ಪಾರ್ಕಿಗೆ ಹೋಗಿದೆ; ಎಕರೆಗೆ ವರ್ಷಕ್ಕೆ 21,000 ರೂಪಾಯಿಯಂತೆ ಶುರುವಾದ ಗುತ್ತಿಗೆ ಹಣ ಜಮೀನಿನ ಮಾಲೀಕರ ಬ್ಯಾಂಕಿಗೇ ಬರುತ್ತದೆ. ಆ ಜಮೀನಿನಲ್ಲಿ ಕಡಲೆಕಾಯಿ ಕಿತ್ತು, ಸಂಜೆ ಕೂಲಿಯ ಜೊತೆಗೆ ಒಂದು ಮಡಿಲು ಕಾಯಿ ಕಟ್ಟಿಕೊಂಡು ಹೋಗುತ್ತಿದ್ದ ಹೆಂಗಸಿಗೆ ಬ್ಯಾಂಕಿನ ದುಡ್ಡಿನಲ್ಲಿ ಯಾವ ಮಡಿಲೂ ಇಲ್ಲ.

ಈ ಸೀಮೆಯ ದೊಡ್ಡ ಖುಷಿ ದುಡ್ಡು ಕೈ ಬದಲಾಯಿಸುವುದು ಬೋರ್‌ವೆಲ್ ಲಾರಿಯ ಬಳಿ. ಲಾರಿ ಬಹುಪಾಲು ತಮಿಳುನಾಡಿನದು, ತಿರುಚೆಂಗೋಡಿನ ನಂಬರು. ಪೈಪು ಎತ್ತುವ ಹುಡುಗರು ಉತ್ತರದ ಯಾವುದೋ ರಾಜ್ಯದವರು. ದರ ಅಡಿ ಲೆಕ್ಕದಲ್ಲಿ. ನೀರು ಬಂದರೂ ಅಷ್ಟೇ, ಧೂಳು ಬಂದರೂ ಅಷ್ಟೇ. ಸಾಲ ಮಾಡಿದ ರೈತ ರಾತ್ರಿಯಿಡೀ ಲಾರಿಯ ಬುಡದಲ್ಲಿ ಕೂತಿರುತ್ತಾನೆ. ಆರುನೂರು, ಎಂಟುನೂರು, ಸಾವಿರ ಅಡಿ ದಾಟಿ ಕೆಸರು ಉಕ್ಕಿತು ಅಂದರೆ ಮುಗಿಯಿತು: ತೆಂಗಿನಕಾಯಿ ಒಡೆಯುತ್ತಾರೆ, ಊದುಬತ್ತಿ ಹಚ್ಚುತ್ತಾರೆ, ಹುಡುಗರಿಗೆ ಐನೂರು, ಸಾವಿರ, ಕೆಲವರು ಕುರಿ ಕೊಯ್ದು ಊಟವನ್ನೇ ಹಾಕಿಸುತ್ತಾರೆ. ನೀರು ಬರದಿದ್ದರೆ ಹುಡುಗರು ಮಾತಿಲ್ಲದೆ ಪೈಪು ಮೇಲೆತ್ತಿ ಮುಂದಿನ ಊರಿಗೆ ಹೊರಡುತ್ತಾರೆ. ದುಡಿತ ಎರಡು ಕಡೆಯೂ ಒಂದೇ. ಕಿವಿಗಡಚಿಕ್ಕುವ ಸದ್ದು, ಮೂಗಿಗೆ ಹೋಗುವ ಕಲ್ಲಿನ ಪುಡಿ ಕೂಡ ಒಂದೇ. ಅವರ ಬಕ್ಷೀಸು ನಿಂತಿರುವುದು ನೆಲದೊಳಗಿನ ಬಂಡೆಯ ಬಿರುಕಿನ ಮೇಲೆ. ಇದರ ಪಕ್ಕದಲ್ಲಿ ನೀರು ತೋರಿಸಿಕೊಟ್ಟವನನ್ನು ನಿಲ್ಲಿಸಿ ನೋಡಿ. ಅಂಗೈ ಮೇಲೆ ತೆಂಗಿನಕಾಯಿ ನಿಲ್ಲಿಸಿಕೊಂಡೋ, ಕವಲು ಕಡ್ಡಿ ಹಿಡಿದೋ ಹೊಲವೆಲ್ಲ ಸುತ್ತಿ ಪಾಯಿಂಟು ಗುರುತು ಮಾಡಿದವನು ತನ್ನ ಕಾಣಿಕೆಯನ್ನು ಮೊದಲೇ ತೆಗೆದುಕೊಂಡಿರುತ್ತಾನೆ. ಬೋರು ಫೇಲಾದರೆ ಅದು ರೈತನ ಹಣೆಬರಹ. ಇಬ್ಬರಲ್ಲಿ ಯಾರ ಕೈಗೆ ಬೊಬ್ಬೆ ಬಂದಿರುತ್ತದೆ ಅಂತ ನೋಡಿ ಕೊಡುವುದಾದರೆ ಲೆಕ್ಕ ತಿರುಗಿಬೀಳಬೇಕು. ನೀರು ಬರದ ರಾತ್ರಿಯೂ ಆ ಹುಡುಗರಿಗೆ ಊಟಕ್ಕೆಂದು ಏನಾದರೂ ಕೊಟ್ಟು ಕಳಿಸುವ ರೈತರನ್ನು ಕಂಡಿದ್ದೇನೆ. ಈ ಲೇಖನದಲ್ಲಿ ಬರುವ ಕೊಡುಗೈಗಳಲ್ಲೆಲ್ಲ ನನಗೆ ದೊಡ್ಡದಾಗಿ ಕಾಣುವುದು ಅದೇ.

ಹೆರಿಗೆಯದು ಇನ್ನೂ ಸೂಕ್ಷ್ಮ. ಪಾವಗಡ ತಾಲ್ಲೂಕಿನ ಕೃಷ್ಣಾಪುರದ ಸೂಲಗಿತ್ತಿ ನರಸಮ್ಮ ಏಳು ದಶಕಗಳಲ್ಲಿ 15,000ಕ್ಕೂ ಹೆಚ್ಚು ಹೆರಿಗೆ ಮಾಡಿಸಿದವರು. ದುಡ್ಡು ಕೇಳಿದವರಲ್ಲ. ತುಮಕೂರು ವಿಶ್ವವಿದ್ಯಾಲಯ 2014ರಲ್ಲಿ ಗೌರವ ಡಾಕ್ಟರೇಟ್ ಕೊಟ್ಟಿತು, 2018ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ಡಿಸೆಂಬರ್ 25ರಂದು ತೀರಿಕೊಂಡರು. ಹಳ್ಳಿಗಳಲ್ಲಿ ಸೂಲಗಿತ್ತಿಯರಿಗೆ ಸೀರೆ, ಕಣ, ಅರಿಶಿನ ಕುಂಕುಮ, ಒಂದಿಷ್ಟು ರಾಗಿ ಕೊಟ್ಟು ಕಳಿಸುವ ವಾಡಿಕೆ ಇತ್ತು. ಅದು ಬಾಣಂತಿ ಎದ್ದು ಕೂತ ಮೇಲೆ, ಮಗುವಿನ ಹೆಸರಿಡುವ ಹೊತ್ತಿಗೆ ಕೊಡುತ್ತಿದ್ದದ್ದು. ಈಗ ಹೆರಿಗೆ ಆಸ್ಪತ್ರೆಗೆ ಬಂದಿದೆ. ಬಂದದ್ದು ಒಳ್ಳೆಯದೇ, ತಾಯಿ ಮಕ್ಕಳ ಜೀವ ಉಳಿದಿದೆ. ಅದರ ಜೊತೆಗೆ ವಾರ್ಡಿನ ಬಾಗಿಲಲ್ಲಿ ನಿಂತು "ಗಂಡು ಮಗು, ಏನ್ ಕೊಡ್ತೀರಾ" ಎಂದು ಕೇಳುವ ಪದ್ಧತಿಯೂ ರಾಜ್ಯದುದ್ದಕ್ಕೂ ಬೆಳೆದಿದೆ. ಗಂಡಾದರೆ ಒಂದು ದರ, ಹೆಣ್ಣಾದರೆ ಅದಕ್ಕಿಂತ ಕಡಿಮೆ. 2025-26ರಲ್ಲಿ ಉದ್ಯೋಗ ಖಾತ್ರಿಯ ದಿನಗೂಲಿ ಕರ್ನಾಟಕದಲ್ಲಿ 370 ರೂಪಾಯಿ ಇತ್ತು. ವಾರ್ಡಿನಲ್ಲಿ ಐನೂರು ಕೇಳಿದರೆ ಕೂಲಿಯವನೊಬ್ಬ ಒಂದು ದಿನಕ್ಕಿಂತ ಹೆಚ್ಚಿನ ದುಡಿಮೆಯನ್ನು ಅಲ್ಲಿ ಇಡಬೇಕು.

ಕೇಳುವ ಆಯಾಳನ್ನು ಬೈದು ಮುಗಿಸುವುದು ಸುಲಭ. ಆಕೆ ಬಹಳ ಕಡೆ ಹೊರಗುತ್ತಿಗೆಯವಳು, ಸಂಬಳ ತಿಂಗಳು ತಪ್ಪಿ ಬರುತ್ತದೆ, ರಕ್ತ ಮೆತ್ತಿದ ಬಟ್ಟೆ ತೊಳೆಯುವುದು ಅವಳೇ. ಆದರೆ ಮಗುವಿನ ಮುಖ ತೋರಿಸುವುದಕ್ಕೆ ಮುಂಚೆ ಕೇಳಿದ ದುಡ್ಡು ಖುಷಿಯದಲ್ಲ. ನನ್ನ ಮಟ್ಟಿಗೆ ಗೆರೆ ಇರುವುದು ಅಲ್ಲಿ. ಕೊಡದೆ ಹೋದರೆ ಏನಾಗುತ್ತದೆ ಎಂಬ ಭಯ ಕೊಡುವವನ ಮನಸ್ಸಿನಲ್ಲಿದ್ದರೆ ಅದನ್ನು ಕಾಫಿ ಕಾಸು ಅನ್ನಬಾರದು. ಕೆಲಸ ಮುಗಿದು, ಇಬ್ಬರೂ ಬೇರೆ ಬೇರೆ ದಾರಿ ಹಿಡಿಯುವಾಗ ಕೊಟ್ಟದ್ದು ಬೇರೆ. ಮನೆಗೆ ಹೊರಡುವ ದಿನ ಆಯಾಳ ಕೈ ಹಿಡಿದು ಸೀರೆ ಕೊಟ್ಟು ಬರುವ ಅಜ್ಜಿಯರಿಗೆ ಈ ವ್ಯತ್ಯಾಸ ಚೆನ್ನಾಗಿ ಗೊತ್ತು.

ಸುಟ್ಟುಹೋದ ಟಿಸಿ ವಿಷಯದಲ್ಲಿ ಈ ಭಯ ಇನ್ನೂ ನಿಚ್ಚಳ. ಗ್ರಾಮಾಂತರದಲ್ಲಿ ಕೆಟ್ಟ ಟ್ರಾನ್ಸ್‌ಫಾರ್ಮರನ್ನು 72 ಗಂಟೆಯೊಳಗೆ ಬದಲಾಯಿಸಬೇಕೆಂದು ರಾಜ್ಯದ ವಿದ್ಯುತ್ ನಿಯಂತ್ರಣ ಆಯೋಗದ ಮಾನದಂಡ ಹೇಳುತ್ತದೆ. ಹೊಲದಲ್ಲಿ ಟೊಮೆಟೊ ಬಾಡುತ್ತಿರುವ ಐದಾರು ಜನ ಅಷ್ಟು ಕಾಯುವುದಿಲ್ಲ. ತಲೆಗಿಷ್ಟು ಅಂತ ವಂತಿಗೆ ಎತ್ತಿ ಗಾಡಿ ಬಾಡಿಗೆ, ಎತ್ತಿಳಿಸುವವರ ಕೂಲಿ, ಟೀ ಖರ್ಚು ಎಲ್ಲ ತಾವೇ ನೋಡಿಕೊಳ್ಳುತ್ತಾರೆ. ಇದಕ್ಕೂ ಇಲ್ಲಿ ಖುಷಿ ಅಂತಲೇ ಹೆಸರು. ಆದರೆ ಕಂಬ ಹತ್ತಿ ಜೀವ ಪಣಕ್ಕಿಡುವ ಲೈನ್‌ಮನ್‌ಗೆ ಮಳೆಗಾಲದ ರಾತ್ರಿ ಫ್ಯೂಸ್ ಹಾಕಿದ್ದಕ್ಕೆ ಬಿಸಿ ಮುದ್ದೆ ಊಟ ಹಾಕಿ ಕಳಿಸಿದರೆ ಅದರಲ್ಲಿ ತಪ್ಪೇನಿದೆ? ಊಟದಲ್ಲಿ ತಪ್ಪಿಲ್ಲ, ಸರ್ಕಾರಿ ಕೆಲಸಕ್ಕೆ ಕೈಗೆ ದುಡ್ಡು ಕೊಡುವುದನ್ನು ಕಾನೂನು ಒಪ್ಪುವುದಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಗೆ 2018ರಲ್ಲಾದ ತಿದ್ದುಪಡಿ ಲಂಚ ಕೊಟ್ಟವನನ್ನೂ ಅಪರಾಧಿಯಾಗಿಸಿದೆ. ಬಲವಂತಕ್ಕೆ ಕೊಟ್ಟಿದ್ದರೆ ಏಳು ದಿನದೊಳಗೆ ದೂರು ಕೊಡಬೇಕು, ಇಲ್ಲದಿದ್ದರೆ ಅವನೂ ಕಟಕಟೆಯಲ್ಲಿ. ಏಳು ದಿನದಲ್ಲಿ ದೂರು ಬರೆಯುವಷ್ಟು ಧೈರ್ಯವಿದ್ದವನು ಬಹುಶಃ ಮೊದಲೇ ಕೊಟ್ಟಿರುವುದಿಲ್ಲ.

ಸಿಲಿಂಡರ್ ವಿಷಯ ಬೇಗ ಹೇಳಿ ಮುಗಿಸಬಹುದು. ಮನೆಗೆ ತಲುಪಿಸುವ ಖರ್ಚು ಬೆಲೆಯಲ್ಲೇ ಸೇರಿದೆ, ಗೋಡೌನಿಗೆ ಹೋಗಿ ತಂದರೆ ಅಷ್ಟು ಕಳೆಯಬೇಕೆಂಬ ನಿಯಮವೂ ಇದೆ. ಆದರೂ ಇಪ್ಪತ್ತು ಮೂವತ್ತು ಕೇಳುತ್ತಾರೆ, ನಾವು ಕೊಡುತ್ತೇವೆ. ಮೂರನೇ ಮಹಡಿಗೆ ಹೊತ್ತು ತಂದವನಿಗೆ ಕೊಟ್ಟರೆ ನನಗೆ ಬೇಸರವಿಲ್ಲ. ಹಳ್ಳಿಯ ಸರ್ಕಲ್ಲಿನಲ್ಲಿ ಟೆಂಪೋ ನಿಲ್ಲಿಸಿ ಬಂದು ತಗೊಂಡು ಹೋಗಿ ಎನ್ನುವವನಿಗೂ ಅಷ್ಟೇ ಕೊಡಬೇಕೆಂದರೆ ಯಾಕೆ ಅಂತ ಕೇಳಲೇಬೇಕಾಗುತ್ತದೆ.

ದೇವಸ್ಥಾನಗಳಲ್ಲಿ ಕೊಡುವುದು ಹೆಚ್ಚು ಸಲೀಸು. ಶನಿವಾರ ಪಾವಗಡದ ಶನಿಮಹಾತ್ಮನ ಗುಡಿ, ಶುಕ್ರವಾರ ಕೊರಟಗೆರೆ ತಾಲ್ಲೂಕಿನ ಗೊರವನಹಳ್ಳಿ ಮಹಾಲಕ್ಷ್ಮಿ, ಎರಡೂ ಕಡೆ ಜನಜಂಗುಳಿ. ಇಂಥ ಕಡೆ ಹುಂಡಿಗೆ ಹಾಕಿದ್ದು ದೇವಸ್ಥಾನಕ್ಕೆ, ತಟ್ಟೆಗೆ ಹಾಕಿದ್ದು ಅರ್ಚಕರಿಗೆ ಎಂಬುದು ಭಕ್ತರೆಲ್ಲರ ತಿಳಿವಳಿಕೆ. ದೊಡ್ಡ ಕ್ಷೇತ್ರಗಳ ಮಾತು ಹಾಗಿರಲಿ, ಮುಜರಾಯಿಯ ಸಿ ದರ್ಜೆಯ ಸಣ್ಣ ಗುಡಿಗಳನ್ನು ನೋಡಿ: 2025ರ ರಾಜ್ಯ ಬಜೆಟ್ ಅವಕ್ಕೆ ಸರ್ಕಾರ ಕೊಡುವ ವಾರ್ಷಿಕ ತಸ್ತೀಕನ್ನು 72,000 ರೂಪಾಯಿಗೆ ಏರಿಸಿತು. ತಿಂಗಳಿಗೆ ಆರು ಸಾವಿರ. ಅಂಥ ಗುಡಿಯಲ್ಲಿ ತಟ್ಟೆ ಕಾಸು ಇಲ್ಲದಿದ್ದರೆ ದೀಪ ಹಚ್ಚುವವರೇ ಇರುವುದಿಲ್ಲ. ಆದರೆ ತಟ್ಟೆಗೆ ಐವತ್ತು ಹಾಕಿದ ಕೈಯೇ ಹೊರಗೆ ಚಪ್ಪಲಿ ಕಾಯುವವಳಿಗೆ ಎರಡು ರೂಪಾಯಿ ನಾಣ್ಯ ಹುಡುಕುತ್ತದೆ. ಪ್ರಾಂಗಣ ಗುಡಿಸುವವಳು, ಪಾಯಿಖಾನೆ ತೊಳೆಯುವವನು ಯಾರ ಕಣ್ಣಿಗೂ ಬೀಳುವುದಿಲ್ಲ.

ಪುರಸಭೆಯ ಪೌರಕಾರ್ಮಿಕರದೂ ಇದೇ ಪಾಡು. ಆಯುಧಪೂಜೆ, ದೀಪಾವಳಿ, ಯುಗಾದಿಯ ಹೊಸತೊಡಕು ಬಂದಾಗ ಕೆಲವರು ಮನೆ ಬಾಗಿಲಿಗೆ ಬಂದು ಹಬ್ಬದ ಕಾಸು ಕೇಳುತ್ತಾರೆ. ಕೊಡುವವರು ಕೊಡುತ್ತಾರೆ, ಉಳಿದವರು "ಗೌರ್ಮೆಂಟ್ ಸಂಬಳ ಬರ್ತದಲ್ಲ" ಎನ್ನುತ್ತಾರೆ. ಇದೇ ಮಾತನ್ನು ತಾಲ್ಲೂಕು ಕಚೇರಿಯ ಗುಮಾಸ್ತರ ಮೇಜಿನ ಮುಂದೆ ನಿಂತು ಹೇಳಿದವರನ್ನು ನಾನಂತೂ ನೋಡಿಲ್ಲ.

ಹೊರಗಿನ ಪ್ರಪಂಚದ ಕಡೆಗೂ ಒಮ್ಮೆ ತಿರುಗಿ ನೋಡುವುದು ಒಳ್ಳೆಯದು, ಯಾಕೆಂದರೆ ಅದು ಈಗ ಶಿರಾದ ಹೋಟೆಲಿಗೂ ಬಂದು ಕೂತಿದೆ. ಅಮೆರಿಕದಿಂದ ರಜೆಗೆ ಬಂದ ಮಗ ಬಿಲ್ಲಿನ ಐದನೇ ಒಂದು ಪಾಲು ತಟ್ಟೆಯಲ್ಲಿ ಬಿಟ್ಟೇಳುತ್ತಾನೆ, ಅಪ್ಪ ಹಿಂದೆಯೇ ಹೋಗಿ ಅರ್ಧ ಎತ್ತಿಕೊಂಡು ಬರುತ್ತಾರೆ. ಇಬ್ಬರದೂ ತಪ್ಪಲ್ಲ. ಅಲ್ಲಿ ಟಿಪ್ಸು ಬರುವ ಕೆಲಸಗಾರರಿಗೆ ಮಾಲೀಕ ಕೊಡಬೇಕಾದ ಒಕ್ಕೂಟ ಸರ್ಕಾರದ ಕನಿಷ್ಠ ಕೂಲಿ 1991ರಿಂದ ಗಂಟೆಗೆ 2.13 ಡಾಲರಿನಲ್ಲೇ ನಿಂತಿದೆ. ಸಾಮಾನ್ಯ ಕನಿಷ್ಠ ಕೂಲಿಯಾದ 7.25 ಡಾಲರನ್ನು ಮುಟ್ಟಿಸುವುದು ಬಹುಮಟ್ಟಿಗೆ ಗಿರಾಕಿಯ ಹೆಗಲಿಗೆ. ಅದೇ ದೇಶದಲ್ಲಿ 1909ರಲ್ಲಿ ವಾಷಿಂಗ್ಟನ್ ರಾಜ್ಯ ಟಿಪ್ಸನ್ನೇ ಕಾನೂನಿನಿಂದ ನಿಷೇಧಿಸಿತ್ತು, ಬೇರೆ ಕೆಲವು ರಾಜ್ಯಗಳೂ ಹಿಂಬಾಲಿಸಿದ್ದವು. 1926ರ ಹೊತ್ತಿಗೆ ಎಲ್ಲವೂ ರದ್ದಾದವು. ಜಪಾನಿನಲ್ಲಿ ಮೇಜಿನ ಮೇಲೆ ದುಡ್ಡು ಬಿಟ್ಟು ಬಂದರೆ ಮರೆತು ಹೋಗಿದ್ದೀರಿ ಅಂತ ಓಡಿ ಬಂದು ಕೊಡುತ್ತಾರೆ. ನಮ್ಮ ಊರ ಸಪ್ಲೈಯರ್ "ನಂಗೂ ಕೊಡೋಕ್ ಬಂದ್ರಾ" ಅನ್ನುವುದು ಜಪಾನಿಗೇ ಹತ್ತಿರ. ಒಂದು ವ್ಯತ್ಯಾಸವನ್ನು ಮಾತ್ರ ಮರೆಯುವಂತಿಲ್ಲ: ಸಂಬಳದಲ್ಲಿ ಬದುಕಬಲ್ಲವನು ಮೇಲುದುಡ್ಡನ್ನು ಬೇಡ ಎನ್ನುವುದಕ್ಕೂ ಸಂಬಳ ಸಾಲದವನು ಮುಲಾಜಿಗೆ ಬೇಡ ಎನ್ನುವುದಕ್ಕೂ ಬಹಳ ಅಂತರ ಇದೆ.

ಭಾರತದಲ್ಲಿ ಈಚಿನ ಜಗಳ ಸರ್ವೀಸ್ ಚಾರ್ಜಿನದು. ಬಿಲ್ಲಿಗೆ ಅದನ್ನು ತಾನಾಗಿ ಸೇರಿಸಬಾರದೆಂದು ಕೇಂದ್ರ ಗ್ರಾಹಕ ಸಂರಕ್ಷಣಾ ಪ್ರಾಧಿಕಾರ 2022ರ ಜುಲೈ 4ರಂದು ಮಾರ್ಗಸೂಚಿ ತಂದಿತು, ಹೋಟೆಲಿನವರು ಕೋರ್ಟಿಗೆ ಹೋದರು, 2025ರ ಮಾರ್ಚ್ 28ರಂದು ದೆಹಲಿ ಹೈಕೋರ್ಟು ಮಾರ್ಗಸೂಚಿಯನ್ನೇ ಎತ್ತಿಹಿಡಿಯಿತು. ನಮ್ಮ ತಾಲ್ಲೂಕುಗಳಿಗೆ ಇದರ ಬಿಸಿ ತಟ್ಟಿಲ್ಲ. ತಟ್ಟಲಿರುವುದು ಆ್ಯಪುಗಳದು. 2025ರ ಮೇ ತಿಂಗಳಲ್ಲಿ ಸವಾರಿಗೆ ಮುಂಚೆಯೇ ಟಿಪ್ಸು ಕೇಳುವ ಪದ್ಧತಿಯ ಬಗ್ಗೆ ಇದೇ ಪ್ರಾಧಿಕಾರ ಊಬರ್‌ಗೆ ನೋಟಿಸು ಕೊಟ್ಟಿತು. ಬೇಗ ಗಾಡಿ ಬರಲಿ ಅಂತ ಮುಂಗಡ ಟಿಪ್ಸು ಕೇಳುವುದು ನೀತಿಗೆಟ್ಟದ್ದು ಎಂದು ಸಚಿವ ಪ್ರಲ್ಹಾದ ಜೋಶಿ ಹೇಳಿದರು. ಕಚೇರಿಯ ಫೈಲಿಗೆ ಮುಂಚೆಯೇ ಕೊಟ್ಟು ಅಭ್ಯಾಸವಿರುವ ನಮಗೆ ಇದರಲ್ಲಿ ಹೊಸದೇನೂ ಕಾಣಲಿಲ್ಲ. ಮನೆ ಬಾಗಿಲಿಗೆ ಊಟ, ಪಾರ್ಸೆಲು ತರುವವರಿಗಾಗಿ ಕರ್ನಾಟಕ 2025ರಲ್ಲಿ ಗಿಗ್ ಕಾರ್ಮಿಕರ ಕಾಯ್ದೆ ತಂದು, ಕಂಪನಿಗಳಿಂದ ಶೇಕಡಾ 1ರಿಂದ 5ರವರೆಗೆ ಕಲ್ಯಾಣ ಶುಲ್ಕ ವಸೂಲಿಗೆ ದಾರಿ ಮಾಡಿತು. ಗಿರಾಕಿಯ ಇಷ್ಟಕ್ಕೆ ಬಿಡದೆ ಕಂಪನಿಯ ಲೆಕ್ಕದಲ್ಲೇ ಹಿಡಿಯುವುದು ನನಗೆ ಸರಿಯಾದ ದಿಕ್ಕು ಅನ್ನಿಸುತ್ತದೆ.

ಇಷ್ಟರ ನಡುವೆ ಸದ್ದಿಲ್ಲದೆ ಎಲ್ಲವನ್ನೂ ಅಡಿಮೇಲು ಮಾಡಿದ್ದು ಫೋನ್‌ಪೇ, ಗೂಗಲ್‌ಪೇ. ತಟ್ಟೆಯಲ್ಲಿ ಉಳಿಯುತ್ತಿದ್ದ ಚಿಲ್ಲರೆ ಈಗ ಹುಟ್ಟುವುದೇ ಇಲ್ಲ; 87 ರೂಪಾಯಿ ಆದರೆ 87ನ್ನೇ ಒತ್ತುತ್ತೇವೆ. ಗೋಡೆಗೆ ಅಂಟಿಸಿದ ಕ್ಯೂಆರ್ ಕೋಡು ಮಾಲೀಕನದು, ಮೇಲೆ ಹತ್ತು ಸೇರಿಸಿ ಕಳಿಸಿದರೂ ಅದು ಅವನ ಖಾತೆಗೇ. ಟಿಪ್ಸೆಲ್ಲ ಕೆಲಸಗಾರರಿಗೇ ಮುಟ್ಟಬೇಕು, ಮಾಲೀಕ ಮುಟ್ಟುವಂತಿಲ್ಲ ಎಂದು ಬ್ರಿಟನ್ ಮಾಡಿದ ಕಾನೂನು 2024ರ ಅಕ್ಟೋಬರಿನಿಂದ ಜಾರಿಯಲ್ಲಿದೆ. ನಮ್ಮಲ್ಲಿ ಅಂಥದ್ದಿಲ್ಲದ ಕಾರಣ ಒಂದು ಹತ್ತರ, ಒಂದು ಇಪ್ಪತ್ತರ ನೋಟು ಜೇಬಿನಲ್ಲಿಟ್ಟುಕೊಂಡೇ ಹೊರಡುವುದು ಒಳ್ಳೆಯದು. ಕೆಲವು ಹೋಟೆಲಿನವರು ಗಲ್ಲಾದ ಪಕ್ಕ ಡಬ್ಬಿ ಇಟ್ಟು ವಾರಕ್ಕೊಮ್ಮೆ ಹಂಚುತ್ತಾರೆ. ಊರವನೇ ಆದ ಸಪ್ಲೈಯರಿಗೆ ಕೈಗೆ ಕೊಡಲು ಮುಜುಗರವಾದರೆ ಡಬ್ಬಿ ವಾಸಿ, ಯಾರು ಕೊಟ್ಟರು ಅಂತ ತಿಳಿಯುವುದಿಲ್ಲ. ಒಳಗೆ ಹಿತ್ತಿಲಲ್ಲಿ ತಟ್ಟೆ ಲೋಟ ತೊಳೆಯುವ ಹೆಂಗಸಿಗೆ ಗಿರಾಕಿಯ ಮುಖ ಕಾಣುವುದಿಲ್ಲ, ಗಿರಾಕಿಗೆ ಅವಳದೂ ಕಾಣುವುದಿಲ್ಲ. ಡಬ್ಬಿಯಲ್ಲಿ ಅವಳಿಗೂ ಪಾಲು ಇದೆಯಾ ಎಂದು ಕೇಳಿ ನೋಡಿ. ಕೆಲವರು ಇದೆ ಅನ್ನುತ್ತಾರೆ. ಕೆಲವರು ಚಿಲ್ಲರೆ ಎಣಿಸುವುದರಲ್ಲಿ ಮುಳುಗಿಬಿಡುತ್ತಾರೆ.